ಕುಂಕುಮ ಹಚ್ಚಿದ ಪಿಸ್ತೂಲು

ಬಾಗಲಕೋಟೆಯ ಹೊರಗಿನ ಫೈರಿಂಗ್ ಮೈದಾನದಲ್ಲಿ ಅವತ್ತು ಪಾಸಾದರೆ ನನಗೆ ಪಿಸ್ತೂಲಿನ ಡ್ಯೂಟಿ. ಇಲ್ಲವೆಂದರೆ ಮತ್ತೆ ಬನಶಂಕರಿ ಗುಡಿಯ ಮುಂದೆ ಭಕ್ತರ ಸರತಿ ಸಾಲು ಕಾಯುವುದು. ಪೊಲೀಸ್ ಕೆಲಸಕ್ಕೆ ಸೇರಿದಾಗಿನಿಂದ ಅದನ್ನೇ ಮಾಡಿ ಸಾಕುಸಾಕಾಗಿತ್ತು.

ಎರಡನೇ ಗುಂಡಿಗೇ ಪಿಸ್ತೂಲು ಕಚ್ಚಿಕೊಂಡಿತು. ಹೊರಗೆ ಹಾರಿ ಬೀಳಬೇಕಾದ ಖಾಲಿ ತೋಟಾ ಅರ್ಧಕ್ಕೇ ಸಿಕ್ಕಿ ನೆಟ್ಟಗೆ ನಿಂತುಬಿಟ್ಟಿತ್ತು. ಟ್ರಿಗರಿನಿಂದ ಬೆರಳು ತೆಗೆದು, ಮೂತಿ ಗುರಿಯ ಕಡೆಗೇ ಇಟ್ಟು, ಮ್ಯಾಗಜಿನ್ ಬಿಚ್ಚಿ, ಸ್ಲೈಡ್ ಎಳೆದು ಅದನ್ನು ಬೀಳಿಸಿದೆ. ಮತ್ತೆ ತುಂಬಿ ಹಾರಿಸಿದೆ. ಮತ್ತೆ ಅದೇ ಗತಿ!

ಹಿಂದೆ ನಿಂತಿದ್ದ ತರಬೇತಿ ಸಾಹೇಬರು ನಕ್ಕರು. "ಕೈ ಸಡ್ಲ ಹಿಡದ್ರ ಹಿಂಗ ಆಗ್ತೈತವಾ. ಹೆಣ್ಮಕ್ಕಳ ಕೈ, ಎಷ್ಟರ ಗಟ್ಟಿ ಇರ್ತೈತಿ!"

ಮೈಯೆಲ್ಲ ಉರಿದುಹೋಯಿತು. ಹಿಡಿತ ಸಡಿಲವಾದರೆ ತೋಟಾ ಸಿಕ್ಕಿಕೊಳ್ಳುತ್ತದೆ, ಅದು ಖರೆ. ಆದರೆ ಇದು ದಿನಾ ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ಕೈ, ನಾನು ಸಡಿಲ ಹಿಡಿದಿರಲಿಲ್ಲ.

ಪಿಸ್ತೂಲು ಖಾಲಿ ಮಾಡಿ ಒಳಗೆ ಇಣುಕಿದೆ. ತೋಟಾದ ಅಂಚು ಹಿಡಿದೆಳೆಯುವ ಪುಟ್ಟ ಕೊಕ್ಕೆಯ ಕೆಳಗೆ ಕೆಂಪಗೆ ಏನೋ ಮೆತ್ತಿತ್ತು. ಕುಂಕುಮ! ಹಿಂದಿನ ವಾರ ಆಯುಧಗಳಿಗೆ ಮಾಡುವ ಖಂಡೇಪೂಜೆಯಲ್ಲಿ ಇದೇ ಸಾಹೇಬರು, "ನೀ ಹಚ್ಚವಾ, ಹೆಣ್ಮಗಳ ಕೈಲೆ ಹಚ್ಚಿದ್ರ ಛಲೋ" ಎಂದು ನನ್ನನ್ನೇ ಕರೆದಿದ್ದರು. ಉದುರಬಾರದೆಂದು ಎಣ್ಣೆಯಲ್ಲಿ ಕಲಸಿ ಎಲ್ಲ ಪಿಸ್ತೂಲಿಗೂ ಬಳಿದಿದ್ದೆ. ಆಮೇಲೆ ಒರೆಸಿದವರು ಮೇಲೆ ಮೇಲೆ ಒರೆಸಿ ಕೈತೊಳೆದುಕೊಂಡಿದ್ದರು.

ಈಗ ಏನು ಹೇಳಲಿ? ಸುಮ್ಮನಿದ್ದರೆ ನನ್ನ ಕೈ ಸಡಿಲ. ಬಾಯಿಬಿಟ್ಟರೆ ಸರ್ಕಾರಿ ಪಿಸ್ತೂಲು ಕೆಡಿಸಿದ್ದೂ ನನ್ನ ಕೈಯೇ. ಹೇಗೆ ಹೊರಳಿದರೂ ನಾನೇ ಸಿಕ್ಕಿಬೀಳುತ್ತಿದ್ದೆ. ಅಳು ಬಂದಂತಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಸರ, ಕೊಕ್ಕಿ ಕೆಳಗ ಕುಂಕುಮ ಕುಂತೈತ್ರಿ, ಪೂಜಾದ್ದು. ನೀವು ಹಚ್ಚು ಅಂದ್ರಿ, ನಾ ಹಚ್ಚೇನಿ" ಎಂದೇಬಿಟ್ಟೆ.

ಅವರ ನಗು ನಿಂತಿತು. ನನ್ನ ಮುಖ ನೋಡಲಿಲ್ಲ. "ಒರಸ್ಕೊ" ಅಂದರು, ಅಷ್ಟೇ.

ಮೈದಾನದಲ್ಲೇ ಇದ್ದ ಶಸ್ತ್ರಾಗಾರದವರು ಕೊಕ್ಕೆ ಬಿಚ್ಚಿ ತಿಕ್ಕಿ ಕೊಟ್ಟರು. ಬಿಳಿ ಬಟ್ಟೆ ಕೆಂಪಾಯಿತು. ಉಳಿದ ಗುಂಡು ಹಾರಿಸಿದೆ. ಖಾಲಿ ತೋಟಾಗಳು ಒಂದೂ ತಡೆಯದೆ ಬಲಕ್ಕೆ ಹಾರಿ ಬಿದ್ದವು. ಪಾಸಾದೆ!

ಹಿಗ್ಗಿನಿಂದ ತಿರುಗಿದೆ. ಸಾಹೇಬರು ಸಾಲಿನಲ್ಲಿದ್ದ ಉಳಿದ ಹೆಣ್ಣುಮಕ್ಕಳಿಗೆ ನನ್ನನ್ನೇ ಬೆರಳು ಮಾಡಿ ತೋರಿಸುತ್ತಿದ್ದರು.

"ನೋಡ್ರವಾ, ಒಂದ್ ಮಾತು ಅಂದ ಮ್ಯಾಲ ಕೈ ಹೆಂಗ ಗಟ್ಟಿ ಆತು! ಹೌದಿಲ್ಲವಾ?" ಎಂದು ನನ್ನತ್ತ ತಿರುಗಿದರು.

ಪಾಸಿನ ಸಹಿ ಇನ್ನೂ ಅವರು ಹಾಕಬೇಕಿತ್ತು.

"ಹೌದ್ರಿ ಸರ" ಅಂದೆ.