ಸವೆಯದ ಅಚ್ಚು

೧೯೮೪ರಲ್ಲಿ ನಾನು ಬಂಟ್ವಾಳದ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಯಂತ್ರಗಳ ಮೇಲ್ವಿಚಾರಕನಾಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಡಿಪ್ಲೊಮಾದ ಗತ್ತು ಮಾತ್ರ ಬಂದಿತ್ತು. ಹೆಸರು ಬಂದದ್ದು ಕೆಲಸದಿಂದಲ್ಲ. ಕಾರ್ಖಾನೆಯ ಧಣಿಗಳ ಮೂಗಿನ ಸ್ವರವನ್ನು ಅವರ ಬೆನ್ನ ಹಿಂದೆ ಅಣಕಿಸಿ ತೆಗೆಯುವುದರಿಂದ.

ಆ ವರ್ಷ ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿಗಳಿಂದ ಹೆಂಚು ವಾಪಸು ಬರತೊಡಗಿತು. ಜೇಡಿಮಣ್ಣಿನ ಮರಳು ಉಜ್ಜಿ ಉಜ್ಜಿ, ಹೆಂಚು ಒತ್ತುವ ಪ್ರೆಸ್ಸಿನ ಅಚ್ಚು ಸವೆದಿತ್ತು. ಒಂದು ಹೆಂಚಿನ ತೋಡಿಗೆ ಇನ್ನೊಂದರ ಅಂಚು ಕೂರುತ್ತಿರಲಿಲ್ಲ, ಮಾಡು ಸೋರುತ್ತಿತ್ತು.

"ಹೀಗೇ ಆದ್ರೆ ಬೀಗ ಹಾಕುದೇ," ಎಂದರು ಧಣಿಗಳು.

ಪ್ರೆಸ್ ನಡೆಸುವ ಮೋನಪ್ಪಣ್ಣನಿಗೆ ಹುಡುಗನಾಗಿದ್ದಾಗಿನಿಂದ ಬೇರೆ ಕೆಲಸ ಗೊತ್ತಿಲ್ಲ. "ನಿಮ್ಮ ಓದಿನಲ್ಲಿ ಏನಾದ್ರೂ ಉಂಟಾ ಮಾರಾಯ್ರೆ? ಇಲ್ಲ, ಬರೀ ಸ್ವರ ತೆಗಿಲಿಕ್ಕೆ ಕಲಿಸಿದ್ದಾ?" ಎಂದರು.

ಇತ್ತು. ಅಯಾನ್ ನೈಟ್ರೈಡಿಂಗ್, ಉಕ್ಕಿನ ಮೈ ಸವೆಯದಂತೆ ಗಟ್ಟಿ ಮಾಡುವ ವಿಧಾನ. ಹೊಸ ಉಕ್ಕಿನ ಅಚ್ಚು ಮಾಡಿಸಿ ಬೆಂಗಳೂರಿಗೆ ಒಯ್ದೆ. ಅಲ್ಲಿ ಅದನ್ನು ಗಾಳಿ ತೆಗೆದ ಪಾತ್ರೆಯಲ್ಲಿಟ್ಟು, ಒಂದಿಷ್ಟು ನೈಟ್ರೋಜನ್, ಹೈಡ್ರೋಜನ್ ಬಿಟ್ಟು, ನೂರಾರು ವೋಲ್ಟ್ ಕೊಟ್ಟರು. ಅನಿಲದ ಕಣಗಳು ವಿದ್ಯುದಾವೇಶ ಪಡೆದು ಅಯಾನುಗಳಾಗಿ ಉಕ್ಕಿನ ಮೇಲೆ ಎರಗುತ್ತವೆ. ಮೊದಲು ಮೇಲಿನ ಕೊಳೆಯನ್ನು ಕಿತ್ತು ಹಾರಿಸುತ್ತವೆ. ಆಮೇಲೆ ನೈಟ್ರೋಜನ್ ಒಳಗಿಳಿದು ತೆಳ್ಳನೆಯ ಗಟ್ಟಿ ಪದರವಾಗುತ್ತದೆ. ಗಾಜಿನ ಕಿಂಡಿಯಲ್ಲಿ ನೇರಳೆ ಬೆಳಕು ನೋಡುತ್ತಾ, ಕಾರ್ಖಾನೆ ಉಳಿಸಿದವನೆಂದು ನನಗೆ ನಾನೇ ಹಾರ ಹಾಕಿಕೊಂಡೆ.

ಅಚ್ಚು ಬಂದಾಗ ಮೋನಪ್ಪಣ್ಣ ಅದರ ಮೂಲೆಗೆ ಅರ ಹಾಕಿ ಉಜ್ಜಿದರು. ಅರವೇ ಜಾರಿತು.

"ನಾನು ಸತ್ತರೂ ಇದು ಸವೆಯುದಿಲ್ಲ," ಎಂದು ನಕ್ಕರು.

ಹೆಂಚಿಗೆ ಹೆಂಚು ಕೂತಿತು. ವಾಪಸು ಬರುವುದು ನಿಂತಿತು. ಕೆಲವೇ ತಿಂಗಳಲ್ಲಿ ಇಲ್ಲಿಂದ ಹೋಗುವುದೂ ನಿಂತಿತು.

ಮೂಡುಬಿದಿರೆಯ ವ್ಯಾಪಾರಿಯನ್ನು ಹೋಗಿ ಕೇಳಿದೆ. "ಹೆಂಚು ಒಳ್ಳೇದುಂಟು ಮಾರಾಯ್ರೆ. ಆದ್ರೆ ಈಗ ಎಲ್ಲರಿಗೂ ತಾರಸಿ ಮನೆಯೇ ಬೇಕು." ನಾನು ಅಳೆದಿದ್ದು ಅಚ್ಚಿನ ಸವೆತ ಮಾತ್ರ.

ಬೀಗ ಬಿದ್ದ ಸಂಜೆ ಎಲ್ಲರೂ ಗೇಟಿನ ಹೊರಗೆ ಕೂತಿದ್ದರು. ಮೋನಪ್ಪಣ್ಣ ನನ್ನತ್ತ ತಿರುಗಿದರು. "ಒಮ್ಮೆ ಧಣಿಗಳ ಸ್ವರ ತೆಗೀರಿ. 'ನಾಳೆ ಬೇಗ ಬನ್ನಿ' ಅಂತ ಹೇಳಿ."

ಹೇಳಿದೆ. ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಯಾರೂ ನಗಲಿಲ್ಲ. ಮೋನಪ್ಪಣ್ಣ ಎದ್ದು, ಬೈರಾಸು ಕೊಡವಿ ಹೆಗಲಿಗೆ ಹಾಕಿ, "ಆಯ್ತು ಧಣಿಗಳೇ," ಎಂದು ಮನೆಯ ದಾರಿ ಹಿಡಿದರು.

ಕೆಲಸ ನನಗೆ ಕಲಿಸಿದ್ದಿಷ್ಟು: ಉಕ್ಕಿನ ಮೈಯನ್ನು ಗಟ್ಟಿ ಮಾಡಬಹುದು, ಧಣಿಗಳ ಸ್ವರವನ್ನೂ ಇದ್ದ ಹಾಗೇ ತರಬಹುದು. ಎರಡರಿಂದಲೂ ಗೇಟು ತೆರೆಯುವುದಿಲ್ಲ.