ದೀಕ್ಷಿತಾ ಎಂಜಲು ಉಂಡ ದಿನ

ದೀಕ್ಷಿತಾ ಈಗ ಬ್ರಹ್ಮಾವರದಲ್ಲಿ ದೊಡ್ಡ ಸಿಸ್ಟರ್. ಅವಳ ಬಾಯಿಗೆ ವಾರ್ಡಿನವರೆಲ್ಲ ಹೆದರುತ್ತಾರಂತೆ. ನನಗೆ ಮಾತ್ರ ಇವತ್ತಿಗೂ ನೆನಪಾಗುವುದು, ಎರಡು ಸಾವಿರದ ಆರರಲ್ಲಿ ಸಾಲಿಗ್ರಾಮದಿಂದ ಬಂದು, ತನ್ನ ಲೋಟವನ್ನು ಯಾರೂ ಮುಟ್ಟದಂತೆ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದ ಹುಡುಗಿ. ಆಗ ನಾನು ಕುಂದಾಪುರದ ಒಂದು ನರ್ಸಿಂಗ್ ಶಾಲೆಯಲ್ಲಿ ಟೀಚರ್. ಹಾಸ್ಟೆಲಿನ ಊಟದ ಮನೆಯ ಉಸ್ತುವಾರಿಯೂ ನನ್ನದೇ. ಆ ಗಲಾಟೆ, ಆ ನಗು ಈಗಲೂ ಕಿವಿಯಲ್ಲಿದೆ. ಅವಳ ಅಪ್ಪ ದಾಮೋದರ ಐತಾಳರು ದೇವಸ್ಥಾನದ ಅರ್ಚಕರು. ಎಂಜಲು ಮುಸುರೆ ಎಂದರೆ ಆ ಮನೆಯಲ್ಲಿ ಸಣ್ಣ ಸಂಗತಿಯಲ್ಲ. ನೀರನ್ನೂ ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಳ್ಳುತ್ತಿದ್ದಳು. “ಐತಾಳ್ರ ಮಗಳ್ ಬಂದ್ಲ್, ದಾರಿ ಬಿಡಿ,” ಎಂದು ನಾನೇ ಗೇಲಿ ಮಾಡುತ್ತಿದ್ದೆ.

ಅವಳ ಕೋಣೆಯ ಜೊತೆಗಾತಿ ಕಿರಿಮಂಜೇಶ್ವರದ ಧನ್ಯಶ್ರೀ, ಮೀನುಗಾರರ ಮನೆಯವಳು. ಅವರ ಮನೆಯಲ್ಲಿ ಗಾಳವನ್ನು ಬರಿದೇ ಬಿಡುವುದಿಲ್ಲ, ಮೊನೆಯನ್ನು ತೆಂಗಿನ ಸಿಪ್ಪೆಗೆ ಚುಚ್ಚಿಡುತ್ತಾರೆ. ಇಲ್ಲದಿದ್ದರೆ ಬರಿಗಾಲಲ್ಲಿ ಓಡಾಡುವ ಮಕ್ಕಳ ಗತಿ ಏನು? ಅವಳ ಕೈಗೂ ಅದೇ ಅಭ್ಯಾಸ. ಇಂಜೆಕ್ಷನ್ ಕೊಟ್ಟ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ ಎಂದು ನಾನು ಎಷ್ಟು ಬಡಿದುಕೊಂಡರೂ, ಒಂದು ದಿನ ಹಾಕಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡಳು. ರೋಗಿಗೆ ಎಚ್‌ಐವಿ ಇತ್ತು. ಕೂಡಲೇ ಬಂದು ಹೇಳಿದಳು, ಸೋಂಕು ತಡೆಯುವ ಮಾತ್ರೆ ಶುರುವಾಯಿತು. ಆದರೆ ಅವಳಿಗೆ ಸೋಂಕು ತಗುಲಿದೆಯೋ ಇಲ್ಲವೋ ಎಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಿತ್ತು.

ಸುದ್ದಿ ಸಂಜೆಯೊಳಗೆ ಹಾಸ್ಟೆಲಿಗೆ ಮುಟ್ಟಿತು. ಮರುದಿನ ಮಧ್ಯಾಹ್ನ ಧನ್ಯಶ್ರೀ ಊಟಕ್ಕೆ ಕೂತದ್ದೇ ತಡ, ಉಳಿದವರು ತಟ್ಟೆ ಎತ್ತಿಕೊಂಡು ಆಚೆ ಸರಿದರು. ಒಟ್ಟಿಗೆ ಉಂಡರೆ ಎಚ್‌ಐವಿ ಹರಡುವುದಿಲ್ಲ ಎಂದು ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಚೆಂದಕ್ಕೆ ಬರೆದವರು! ನನಗೆ ಮೈಯೆಲ್ಲ ಉರಿಯಿತು.

“ನಾನ್ ಮನಿಗ್ ಹೋತೆ ಟೀಚರ್. ಇನ್ನ್ ಬತ್ತಿಲ್ಲೆ,” ಎಂದು ಧನ್ಯಶ್ರೀ ಎದ್ದಳು. ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ಅವಳೊಬ್ಬಳೇ. ಹೋದರೆ ತಿರುಗಿ ಬರುವವಳಲ್ಲ ಎಂದು ನನಗೆ ಗೊತ್ತಿತ್ತು.

ನಾನು ಬೈಯಲು ಬಾಯಿ ತೆರೆಯುವ ಮೊದಲೇ ದೀಕ್ಷಿತಾ ಬಂದು ಅವಳ ತಟ್ಟೆಯ ಮುಂದೆ ಕೂತಳು. ಧನ್ಯಶ್ರೀ ಕಲಸಿಟ್ಟಿದ್ದ ಅನ್ನಕ್ಕೆ ಕೈ ಹಾಕಿ, ಒಂದು ತುತ್ತು ಎತ್ತಿ ಬಾಯಿಗಿಟ್ಟಳು.

“ಹ್ವಾಯ್, ಎಂತ ಮಾಡ್ತೆ ಮಾರಾಯ್ತಿ! ಎಂಜ್ಲ್!” ಧನ್ಯಶ್ರೀ ಗಾಬರಿಬಿದ್ದಳು.

“ಹೌದ್, ಎಂಜ್ಲೇ. ಕೂಕೋ, ಉಣ್,” ಎಂದಳು ದೀಕ್ಷಿತಾ.

ಆ ತುತ್ತು ನುಂಗಲು ಅವಳು ಪಟ್ಟ ಪಾಡು ನನಗೆ ಕಾಣುತ್ತಿತ್ತು. ರೋಗದ ಹೆದರಿಕೆಯಲ್ಲ, ಹುಟ್ಟಿದಾರಭ್ಯ ಬಂದ ಅಭ್ಯಾಸ. ಆದರೂ ಎರಡನೆಯ ತುತ್ತಿಗೂ ಕೈ ಹಾಕಿದಳು. ಧನ್ಯಶ್ರೀ ಅಳುತ್ತಲೇ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ತಲೆ ತಗ್ಗಿಸಿಕೊಂಡು ತಿರುಗಿ ಬಂದರು.

ಕೊನೆಗೆ ಏನೂ ಇಲ್ಲವೆಂದು ರಿಪೋರ್ಟ್ ಬಂತು. ಧನ್ಯಶ್ರೀ ಕೋರ್ಸ್ ಮುಗಿಸಿ ಬೈಂದೂರಿನಲ್ಲಿ ಕೆಲಸಕ್ಕೆ ಸೇರಿದಳು. ರಿಪೋರ್ಟ್ ಬಂದ ದಿನ ಅವಳನ್ನು ಅಪ್ಪಿಕೊಳ್ಳಲು ಇಡೀ ಹಾಸ್ಟೆಲೇ ಮುಗಿಬಿದ್ದಿತ್ತು. ಅದು ಬರುವ ಮೊದಲು ಅವಳ ತಟ್ಟೆಗೆ ಕೈ ಹಾಕಿದವಳು ದೀಕ್ಷಿತಾ ಒಬ್ಬಳೇ.