ಬೀಗರ ಹಾಡಿನ ಹಕ್ಕು

ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಗೇಲಿ ಮಾಡಿ ಹಾಡದಿದ್ದರೆ ನಮ್ಮಲ್ಲಿ ಮದುವೆಯೇ ಸಪ್ಪೆ. ಹರದನಹಳ್ಳಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆಯಾದಾಗ, ಗಂಡಿನ ಸೋದರಮಾವ ಗುಂಡ್ಲುಪೇಟೆಯಿಂದ ಬರುತ್ತ ಬಸ್ಸಿನಲ್ಲಿ ನಿದ್ದೆ ಹೋಗಿ, ನಮ್ಮೂರು ದಾಟಿ ತಮಿಳುನಾಡಿನ ಗಡಿ ನೋಡಿಕೊಂಡು ಬಂದಿದ್ದರು. ಅಮ್ಮ ಅದನ್ನೇ ನಿಂತಲ್ಲೇ ಪದ ಕಟ್ಟಿ ಹಾಡಿದಳು. ನಾನು ಮೊಬೈಲಿನಲ್ಲಿ ವಿಡಿಯೊ ಮಾಡಿ ಇಂಟರ್‌ನೆಟ್ಟಿಗೆ ಹಾಕಿದೆ.

ವಾರ ಕಳೆಯುವಷ್ಟರಲ್ಲಿ ವಿಡಿಯೊ ಮಾಯ. ಯಾವುದೋ ಆಡಿಯೊ ಕಂಪನಿ ಆ ಹಾಡು ತನ್ನದೆಂದಿತ್ತು. ಅವರ ಹಾಡಿನ ಧಾಟಿಯೂ ನಮ್ಮದೂ ಒಂದೇ ಎಂದು ಕಂಡ ವಿಡಿಯೊ ತಾಣದ ಯಂತ್ರ ಅದನ್ನೇ ನಂಬಿ ತೆಗೆದುಹಾಕಿತ್ತು. ನನಗೆ ಮೈಯೆಲ್ಲ ಉರಿಯಿತು. ಅಜ್ಜಿಯರ ಕಾಲದ ಧಾಟಿಗೆ ಇವರು ಯಾವಾಗ ಬೇಲಿ ಹಾಕಿದರು?

"ಬುಡ್ಲಾ, ಕಂಪ್ನಿಯೋರ್ ಜೊತೆ ಯಾಕ್ ಜಗಳ" ಎಂದರು ಗೆಳೆಯರು. ನಾನು ಬಿಡಲಿಲ್ಲ. ತಾಣದ ಮೂಲಕ ಕಂಪನಿಗೆ ಮೇಲ್ಮನವಿ ಬರೆದೆ: "ಧಾಟಿ ಊರಿನದು, ಪದ ನಮ್ಮಮ್ಮನದು. ನಿದ್ದೆ ಹೋದ ಬೀಗರು ಗುಂಡ್ಲುಪೇಟೆಯಲ್ಲೇ ಇದ್ದಾರೆ, ಬೇಕಿದ್ದರೆ ಕೇಳಿ. ನಿಮ್ಮ ಕಂಪನಿಯ ಯಾವ ಮಾವ ಬಸ್ಸಿನಲ್ಲಿ ಮಲಗಿದ್ದರು ಅನ್ನುವುದನ್ನೂ ತಿಳಿಸಿ."

ಕಂಪನಿ ಹಿಂದೆ ಸರಿಯಿತು. ವಿಡಿಯೊ ಮರಳಿ ಬಂತು. ಸುದ್ದಿ ಕೇಳಿದ ಅಮ್ಮ, "ಸರಿ ಕಣ್ಲಾ, ಅವರ್ಗೂ ಒಂದ್ ಪದ ಕಟ್ಬುಡ್ತೀನಿ" ಅಂದಳು.

ಹಾಗೇ ಮಾಡಿದಳು. ಹರವೆಯ ನೆಂಟರ ಮನೆಯಲ್ಲಿ ನಡೆದ ಮುಂದಿನ ಮದುವೆಯಲ್ಲಿ ಬೀಗರ ಜೊತೆಗೆ, ಕಂಡವರ ಹಾಡಿಗೆ ಕೈ ಹಾಕುವ ಕಂಪನಿಗೂ ಮಂಗಳಾರತಿಯಾಯಿತು. ಆ ವಿಡಿಯೊವನ್ನೂ ಹಾಕಿದ್ದೇನೆ. ಅದು ತನ್ನದೆಂದು ಈವರೆಗೆ ಯಾವ ಕಂಪನಿಯೂ ಬಂದಿಲ್ಲ.